ಹಿರಿಯರು ವರ್ಷಗಟ್ಟಲೆ ನುಂಗಿದ ಆತಂಕದ ಮಾತ್ರೆ: ಒಮ್ಮೆಲೇ ನಿಲ್ಲಿಸಬೇಡಿ, ಚೂರು ಚೂರೇ ಇಳಿಸಿ

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಅಮ್ಮ ಹದಿನಾರು ವರ್ಷ ನುಂಗಿದ ಆಲ್ಪ್ರಜೋಲಮ್ ಮಾತ್ರೆಯನ್ನು ಡಾಕ್ಟರ ಮಾತು ಕೇಳಿಕೊಂಡು ಹದಿನಾಲ್ಕು ತಿಂಗಳಲ್ಲಿ ಇಳಿಸಿದವಳು, ಅಷ್ಟೇ. ಅದಕ್ಕೂ ಮುಂಚೆ ಒಂದು ದೊಡ್ಡ ತಪ್ಪು ಮಾಡಿದವಳು ಕೂಡ. ಆ ತಪ್ಪಿನಿಂದಲೇ ಶುರು ಮಾಡುತ್ತೇನೆ, ಯಾಕಂದ್ರೆ ಇದನ್ನು ಓದುತ್ತಿರುವವರಲ್ಲಿ ಯಾರೋ ಒಬ್ಬರು ಇವತ್ತು ರಾತ್ರಿಯೇ ಅದನ್ನು ಮಾಡಲು ಹೊರಟಿರಬಹುದು.

ಅಮ್ಮನಿಗೆ ಆಗ 73. ಎರಡು ಸಲ ಬಚ್ಚಲಲ್ಲಿ ಜಾರಿದ್ದರು, ಗೊತ್ತಿದ್ದವರ ಹೆಸರೇ ಬಾಯಿಗೆ ಬರುತ್ತಿರಲಿಲ್ಲ. ಇದೆಲ್ಲ ಆ ಮಾತ್ರೆಯ ಕೆಲಸ ಇರಬಹುದು ಅಂತ ಎಲ್ಲೋ ಓದಿದೆ, ಅವತ್ತೇ ಮಾತ್ರೆ ಪಟ್ಟಿ ಎತ್ತಿ ಬೀರುವಿನಲ್ಲಿ ಬೀಗ ಹಾಕಿಟ್ಟೆ. ಮೊದಲ ರಾತ್ರಿ ನಿದ್ದೆ ಇಲ್ಲ. ಸರಿ, ಇಷ್ಟು ಆಗುತ್ತೆ ಅಂದುಕೊಂಡಿದ್ದೆ. ಎರಡನೇ ದಿನ ಕೈ ಎಷ್ಟು ನಡುಗಿತು ಅಂದರೆ ಲೋಟದ ನೀರೆಲ್ಲ ಸೀರೆ ಮೇಲೆ. ಮೂರನೇ ದಿನ ಸಂಜೆ, ಗೋಡೆ ಮೇಲೆ ಇರುವೆ ಸಾಲು ಹೋಗ್ತಿದೆ, ಬಟ್ಟೆ ತಂದು ಒರೆಸು ಅಂದರು. ಗೋಡೆ ಮೇಲೆ ಏನೂ ಇರಲಿಲ್ಲ. ಓಡಿದೆವು. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: ಮಾತ್ರೆ ಯಾವಾಗ ನಿಲ್ಲಿಸಿದ್ರಿ? ಹೇಳಿದ ತಕ್ಷಣ ಮತ್ತೆ ಶುರು ಮಾಡಿಸಿದರು. ಫಿಟ್ಸ್ ಬರುವ ಮುಂಚೆ ಬಂದಿರಿ ಅಂದರು.

ಹೀಗೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮಣೆ ಆಗಬಹುದು, ಜೀವಕ್ಕೇ ಅಪಾಯ ಆಗಬಹುದು. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ನಾನು ಹೇಳುತ್ತಿರುವುದು ಬೆಂಜೋಡಯಾಜೆಪೈನ್ ಅನ್ನುವ ಗುಂಪಿನ ಬಗ್ಗೆ. ಆಲ್ಪ್ರಜೋಲಮ್, ಲೋರಾಜೆಪಾಮ್, ಕ್ಲೋನಾಜೆಪಾಮ್, ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್, ನೈಟ್ರಾಜೆಪಾಮ್, ಇವೆಲ್ಲ ಒಂದೇ ಮನೆಯವು. ಪಟ್ಟಿಯ ಮೇಲೆ ದಪ್ಪಗೆ ಇರುವುದು ಕಂಪನಿ ಇಟ್ಟ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದು ಔಷಧಿಯ ನಿಜವಾದ ಹೆಸರು, ಅದನ್ನು ಓದಿ. ನಿದ್ದೆಗೆ ಕೊಡುವ ಜೋಲ್ಪಿಡೆಮ್ ಇವುಗಳ ದಾಯಾದಿ, ಅದನ್ನೂ ನಿಧಾನಕ್ಕೇ ಇಳಿಸಬೇಕು. ಖಿನ್ನತೆಗೂ ಆತಂಕಕ್ಕೂ ಕೊಡುವ ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್ ತರದವು ಬೇರೆ ಗುಂಪು, ಇಲ್ಲಿ ಹೇಳುವ ಇಳಿಸುವ ಲೆಕ್ಕ ಅವಕ್ಕೆ ಹೊಂದುವುದಿಲ್ಲ. ಎರಡೂ ತೆಗೆದುಕೊಳ್ಳುತ್ತಿದ್ದರೆ ಎರಡನ್ನೂ ಒಟ್ಟಿಗೆ ಕಡಿಮೆ ಮಾಡಲು ಹೋಗಬೇಡಿ. ಏನಾದರೂ ಆದರೆ ಯಾವುದರಿಂದ ಆಯಿತು ಅಂತಲೇ ತಿಳಿಯುವುದಿಲ್ಲ.

ಯಾಕೆ ಹೀಗಾಗುತ್ತೆ? ಮಿದುಳಿನಲ್ಲಿ ಗಾಬಾ ಅನ್ನುವ ರಾಸಾಯನಿಕ ಇದೆ, ಮನಸ್ಸನ್ನೂ ಮೈಯನ್ನೂ ತಣ್ಣಗಿಡುವುದು ಅದರ ಕೆಲಸ. ಈ ಮಾತ್ರೆ ಗಾಬಾದ ಕೆಲಸವನ್ನು ಜೋರು ಮಾಡುತ್ತದೆ. ಮನೆಗೆಲಸಕ್ಕೆ ಆಳು ಬಂದ ಮೇಲೆ ನಮ್ಮ ಮೈ ಸೋಮಾರಿ ಆಗುತ್ತಲ್ಲ, ಹಾಗೇ ಮಿದುಳು ತನ್ನ ಪಾಲಿನ ಕೆಲಸ ಕಡಿಮೆ ಮಾಡಿಕೊಳ್ಳುತ್ತದೆ. ಹದಿನಾರು ವರ್ಷ ಆಳಿನ ಕೈಯಲ್ಲಿ ನಡೆದ ಮನೆ ಅದು. ಆಳು ಒಂದೇ ದಿನ ಹೇಳದೆ ಕೇಳದೆ ಹೋದರೆ? ಮಿದುಳಿಗೆ ಕೆಲಸ ಮತ್ತೆ ರೂಢಿ ಆಗಬೇಕು, ಅದಕ್ಕೆ ವಾರ ಸಾಲದು, ತಿಂಗಳು ಬೇಕು.

ವಯಸ್ಸಾದವರಲ್ಲಿ ಇನ್ನೊಂದು ತೊಡಕು. ಲಿವರ್ ನಿಧಾನ ಆಗಿರುತ್ತದೆ, ಮೈಯಲ್ಲಿ ಕೊಬ್ಬಿನ ಪಾಲು ಜಾಸ್ತಿ ಆಗಿರುತ್ತದೆ, ಡಯಾಜೆಪಾಮ್‌ನಂಥವು ಆ ಕೊಬ್ಬಿನಲ್ಲಿ ಸೇರಿಕೊಂಡು ದಿನಗಟ್ಟಲೆ ಉಳಿಯುತ್ತವೆ. ಹಾಗಾಗಿ 50ರಲ್ಲಿ ಹಿತವಾಗಿದ್ದ ಅದೇ ಡೋಸ್ 75ರಲ್ಲಿ ಕಾಲು ತಡವರಿಸುವಂತೆ ಮಾಡುತ್ತದೆ, ಬೀಳಿಸುತ್ತದೆ, ಸೊಂಟದ ಮೂಳೆ ಮುರಿಸುತ್ತದೆ. ಮರೆವು, ಮಂಪರು ಬೇರೆ. ವಯಸ್ಸಾದವರಿಗೆ ಯಾವ ಔಷಧಿ ಆಗಬಾರದು ಅಂತ ಅಮೆರಿಕದಲ್ಲಿ 1991ರಿಂದ ಒಂದು ಪಟ್ಟಿ ಇದೆ, ಬೀಯರ್ಸ್ ಪಟ್ಟಿ ಅನ್ನುತ್ತಾರೆ, ಈ ಗುಂಪನ್ನು ಆದಷ್ಟು ದೂರವಿಡಿ ಅಂತ ಅದು ಹೇಳುತ್ತದೆ.

ಇಲ್ಲೊಂದು ಮಾತು. ಮನೆಯಲ್ಲಿ ದಯವಿಟ್ಟು "ಚಟ" ಅನ್ನುವ ಪದ ಬಳಸಬೇಡಿ. ಈ ಗುಂಪಿನ ಮೊದಲ ಮಾತ್ರೆ ಮಾರುಕಟ್ಟೆಗೆ ಬಂದದ್ದು 1960ರಲ್ಲಿ, ಡಯಾಜೆಪಾಮ್ 1963ರಲ್ಲಿ. ಅದಕ್ಕೂ ಮುಂಚಿನ ನಿದ್ದೆ ಮಾತ್ರೆಗಳಿಗಿಂತ ಎಷ್ಟೋ ಸುರಕ್ಷಿತ ಅಂತ ಡಾಕ್ಟರುಗಳೇ ನಂಬಿ ಕೈತುಂಬಾ ಬರೆದುಕೊಟ್ಟರು. ಚೀಟಿಯಲ್ಲಿ ಬರೆದಷ್ಟನ್ನೇ ಶಿಸ್ತಾಗಿ ನುಂಗಿದವರಿಗೂ ಮೈ ಒಗ್ಗಿಹೋಗುತ್ತದೆ. ನಾನು ಒಮ್ಮೆ ಆ ಪದ ಬಳಸಿದ್ದೆ. ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಅದೂ ನ್ಯಾಯವೇ.

ಇನ್ನು ಕೆಲಸಕ್ಕೆ ಬರೋಣ.

ಡಾಕ್ಟರ ಹತ್ತಿರ ಹೋಗುವ ಮುಂಚೆ ಎರಡು ವಾರ ಸುಮ್ನೆ ಬರೆದಿಡಿ: ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ. ಚೀಟಿಯಲ್ಲಿರುವುದನ್ನು ನೋಡಿ ಬರೆಯಬೇಡಿ, ನಿಜವಾಗಿ ನುಂಗುವುದನ್ನು ನೋಡಿ ಬರೆಯಿರಿ. ಅಮ್ಮ ಚೀಟಿ ಪ್ರಕಾರ ದಿನಕ್ಕೆ 0.5 ಮಿಲಿಗ್ರಾಂ. ಎಣಿಸಿ ನೋಡಿದರೆ 1 ಮಿಲಿಗ್ರಾಂ, ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ. ಬೆಳಗಿನದ್ದು ಯಾವಾಗ ಸೇರಿಕೊಂಡಿತು ಅಂತ ಅವರಿಗೇ ನೆನಪಿಲ್ಲ. ಚೀಟಿ ನಂಬಿಕೊಂಡು ಇಳಿಸಲು ಶುರು ಮಾಡಿದ್ದರೆ ಮೊದಲ ದಿನವೇ ಅರ್ಧಕ್ಕರ್ಧ ಕಡಿತ ಆಗಿಬಿಡುತ್ತಿತ್ತು. ಜೊತೆಗೆ ಬೇರೆ ಎಲ್ಲ ಮಾತ್ರೆಗಳ ಪಟ್ಟಿ, ನೋವಿನ ಮಾತ್ರೆ ಸೇರಿಸಿ. ಮದ್ಯದ ವಿಷಯ ಮುಚ್ಚಿಡಬೇಡಿ. ಹಿಂದೆ ಯಾವಾಗಾದರೂ ಫಿಟ್ಸ್ ಬಂದಿದೆಯಾ, ಬಿದ್ದಿದ್ದಾರಾ, ಹಿಂದೆ ಬಿಡಲು ನೋಡಿ ಏನಾಯಿತು, ಇದೂ ಬೇಕು.

ಕೆಲವರು ಇದನ್ನು ಮನೆಯಲ್ಲಿ ಮಾಡುವ ಹಾಗೇ ಇಲ್ಲ. ಫಿಟ್ಸ್ ಇತಿಹಾಸ ಇರುವವರು, ದಿನಾ ಕುಡಿಯುವವರು, ತುಂಬಾ ದೊಡ್ಡ ಡೋಸ್‌ನಲ್ಲಿರುವವರು, ಗಂಭೀರ ಮಾನಸಿಕ ಕಾಯಿಲೆ ಇರುವವರು, ಓಪಿಯಾಯ್ಡ್ (ಅಫೀಮಿನ ತರ ಕೆಲಸ ಮಾಡುವ) ನೋವಿನ ಮಾತ್ರೆಯನ್ನೂ ಜೊತೆಗೆ ತೆಗೆದುಕೊಳ್ಳುವವರು. ಇವರಿಗೆ ಮನೋವೈದ್ಯರ ಹತ್ತಿರದ ಉಸ್ತುವಾರಿ ಬೇಕು, ಕೆಲವೊಮ್ಮೆ ಆಸ್ಪತ್ರೆಯಲ್ಲಿದ್ದೇ ಮಾಡಬೇಕಾಗುತ್ತದೆ. ಫಿಟ್ಸ್ ತಡೆಯಲೆಂದೇ ಕ್ಲೋನಾಜೆಪಾಮ್ ಕೊಟ್ಟಿರುವುದೂ ಉಂಟು, ಅದು ಪೂರ್ತಿ ಬೇರೆ ಕಥೆ.

ಶುರು ಮಾಡುವ ಹೊತ್ತೂ ಮುಖ್ಯ. ಮನೆ ಬದಲಿಸುವಾಗ, ಸಾವಾದ ಮನೆಯಲ್ಲಿ, ಆಪರೇಷನ್ ಎದುರಿಗಿದ್ದಾಗ ಬೇಡ. ಹದಿನಾರು ವರ್ಷ ಕಾದದ್ದು ಇನ್ನೆರಡು ತಿಂಗಳು ಕಾದೀತು.

ಈಗ ಲೆಕ್ಕ. ಇದೇ ಇಡೀ ವಿಷಯದ ಹೂರಣ, ಸ್ವಲ್ಪ ತಾಳ್ಮೆಯಿಂದ ಓದಿ.

2025ರಲ್ಲಿ ಅಮೆರಿಕದ ಹಲವು ವೈದ್ಯ ಸಂಘಗಳು ಸೇರಿ ಕೊಟ್ಟ ಮಾರ್ಗಸೂಚಿ ಹೇಳುವುದು ಇಷ್ಟು: 2ರಿಂದ 4 ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸುವುದರಿಂದ ಶುರು ಮಾಡಿ, ಎಷ್ಟೇ ಅವಸರ ಇದ್ದರೂ ಎರಡು ವಾರಕ್ಕೆ ಶೇ. 25 ದಾಟಬೇಡಿ. ಆ ಶೇಕಡಾ ಲೆಕ್ಕ ಹಾಕಬೇಕಾದದ್ದು ಇವತ್ತು ನುಂಗುತ್ತಿರುವ ಡೋಸ್ ಮೇಲೆ, ಮೊದಲ ದಿನದ ಡೋಸ್ ಮೇಲಲ್ಲ. ಎಲ್ಲರೂ ಮುಗ್ಗರಿಸುವುದು ಇಲ್ಲೇ.

ಅಮ್ಮನ ಉದಾಹರಣೆಯನ್ನೇ ತಗೊಳ್ಳಿ. 0.25ರ ಮಾತ್ರೆಯನ್ನು ಅರ್ಧ ಮಾಡಿದರೆ 0.125. ದಿನಕ್ಕೆ 1 ಮಿಲಿಗ್ರಾಂ ಇದ್ದಾಗ ಈ ಅರ್ಧ ಚೂರು ಕಡಿಮೆ ಮಾಡಿದರೆ ಶೇ. 12.5 ಇಳಿಯಿತು, ಮೈ ಹೆಚ್ಚು ತಕರಾರು ಮಾಡುವುದಿಲ್ಲ. 0.5ಕ್ಕೆ ಬಂದ ಮೇಲೆ ಅದೇ ಚೂರು ಶೇ. 25. 0.375ರಿಂದ ಇಳಿಸಿದರೆ ಶೇ. 33. 0.25ರಲ್ಲಿ ನಿಂತು ಅದೇ ಚೂರು ತೆಗೆದರೆ ಅರ್ಧಕ್ಕರ್ಧ! ಕೈಗೆ ಅದೇ ಚೂರು, ಮೈಗೆ ನಾಲ್ಕು ಪಟ್ಟು ಪೆಟ್ಟು. "ಇಷ್ಟು ದಿನ ಚೆನ್ನಾಗೇ ಇಳೀತಿತ್ತು, ಇನ್ನೇನು ಚೂರು ಉಳಿದಿದೆ, ನಿಲ್ಲಿಸಿಬಿಡೋಣ" ಅಂತ ಹೇಳುವ ಜಾಗ ಇದೆಯಲ್ಲ, ಸರಿಯಾಗಿ ಅಲ್ಲೇ ಜನ ಬೀಳುತ್ತಾರೆ, ಬಿದ್ದು ಮತ್ತೆ ಪೂರ್ತಿ ಡೋಸ್‌ಗೆ ಹೋಗಿ, ನನ್ನ ಕೈಲಿ ಆಗಲ್ಲ ಅಂತ ಕೂತುಬಿಡುತ್ತಾರೆ. ಅಮ್ಮ 1 ಮಿಲಿಗ್ರಾಂನಿಂದ 0.5ಕ್ಕೆ ಬರಲು ನಾಲ್ಕು ತಿಂಗಳು ತಗೊಂಡರು. 0.5ರಿಂದ ಸೊನ್ನೆಗೆ ಹತ್ತು ತಿಂಗಳು.

ಕೆಳಗೆ ಬಂದಂತೆ ಚೂರು ಚಿಕ್ಕದಾಗಬೇಕು. ಅಂಗಡಿಯಲ್ಲಿ ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿ ಸಿಗುತ್ತದೆ, ಅದನ್ನೇ ಬಳಸಿ. ನಾನು ಮೊದಲು ಬ್ಲೇಡಿನಲ್ಲಿ ಕತ್ತರಿಸುತ್ತಿದ್ದೆ. ಪೇಪರ್ ಹಾಸಿ, ಉಸಿರು ಬಿಗಿ ಹಿಡಿದು ಕುಯ್ದರೂ ಒಂದು ತುಂಡು ದಪ್ಪ, ಒಂದು ತುಂಡು ಪುಡಿ, ಇನ್ನೊಂದು ಮಂಚದ ಕೆಳಗೆ. ಕಾಲು ಭಾಗಕ್ಕಿಂತ ಚಿಕ್ಕದು ಬೇಕಾದರೆ ಮನೆಯಲ್ಲಿ ಸಾಹಸ ಬೇಡ, ಡಾಕ್ಟರನ್ನೂ ಫಾರ್ಮಸಿಸ್ಟರನ್ನೂ ಕೇಳಿ, ದ್ರವ ರೂಪದ್ದು ಬರೆಸಿಕೊಳ್ಳಬಹುದು ಅಥವಾ ಕಡಿಮೆ ಡೋಸ್ ಮಾಡಿಸಿಕೊಳ್ಳಬಹುದು. ಮಾತ್ರೆ ಪುಡಿ ಮಾಡಿ ನೀರಿಗೆ ಕಲಸಿ ಅಳೆಯುತ್ತೇನೆ ಅನ್ನಬೇಡಿ. ಇವು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ತಳಕ್ಕೆ ಕೂತುಬಿಡುತ್ತವೆ, ಒಂದು ದಿನ ಬರೀ ನೀರು, ಮರುದಿನ ದುಪ್ಪಟ್ಟು ಮದ್ದು. ಇನ್ನು ಪಟ್ಟಿಯ ಮೇಲೆ ಎಸ್‌ಆರ್, ಇಆರ್, ಎಕ್ಸ್‌ಆರ್ ಅಂತ ಇದ್ದರೆ ಅದು ನಿಧಾನಕ್ಕೆ ಬಿಡುಗಡೆ ಆಗುವ ಮಾತ್ರೆ, ಅದನ್ನು ಕತ್ತರಿಸುವಂತೆಯೇ ಇಲ್ಲ. ಮೊದಲು ಸಾದಾ ಮಾತ್ರೆಗೆ ಬದಲಿಸಿಕೊಳ್ಳಬೇಕು.

ಆಲ್ಪ್ರಜೋಲಮ್, ಲೋರಾಜೆಪಾಮ್ ಪರಿಣಾಮ ಬೇಗ ಇಳಿದುಹೋಗುವ ಮಾತ್ರೆಗಳು. ದಿನದ ಡೋಸನ್ನೆಲ್ಲ ರಾತ್ರಿ ಹೊತ್ತಿಗೇ ತಳ್ಳಿದರೆ ಮರುದಿನ ಮಧ್ಯಾಹ್ನದ ಹೊತ್ತಿಗೆ ನಡುಕ ಶುರು. ಅದಕ್ಕೇ ಹಂಚಿ ಕೊಡುವುದು. ಯಾವ ಹೊತ್ತಿನ ಚೂರು ಮೊದಲು ಇಳಿಯಬೇಕು ಅನ್ನುವುದನ್ನು ನುಂಗುವವರೇ ಆರಿಸಲಿ.

ಹೀಗೆ ಪರಿಣಾಮ ಬೇಗ ಇಳಿದುಹೋಗುವ ಮಾತ್ರೆಯಿಂದ, ಪರಿಣಾಮ ನಿಧಾನಕ್ಕೆ ಇಳಿಯುವ ಡಯಾಜೆಪಾಮ್‌ಗೆ ಬದಲಿಸಿ, ಆಮೇಲೆ ಅದರ ಡೋಸ್ ಇಳಿಸುವ ಪದ್ಧತಿಯೂ ಇದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1982ರಿಂದ 1994ರವರೆಗೆ ಈ ಮಾತ್ರೆ ಬಿಡಿಸುವ ಕ್ಲಿನಿಕ್ ನಡೆಸಿದ ಪ್ರೊಫೆಸರ್ ಹೆದರ್ ಆಷ್ಟನ್ ಇದನ್ನು ಜನಪ್ರಿಯ ಮಾಡಿದರು. ಅವರ ಲೆಕ್ಕದಲ್ಲಿ 0.5 ಮಿಲಿಗ್ರಾಂ ಆಲ್ಪ್ರಜೋಲಮ್ ಸುಮಾರು 10 ಮಿಲಿಗ್ರಾಂ ಡಯಾಜೆಪಾಮ್‌ಗೆ ಸಮ, ಬೇರೆಯವರ ಲೆಕ್ಕದಲ್ಲಿ ಅಂಕಿ ಬದಲಾಗುತ್ತದೆ. ಆದರೆ ವಯಸ್ಸಾದವರ ಮೈಯಲ್ಲಿ ಡಯಾಜೆಪಾಮ್ ಶೇಖರ ಆಗುತ್ತೆ ಅಂತ ಆಗಲೇ ಹೇಳಿದೆನಲ್ಲ, ಅದಕ್ಕೇ ನಮ್ಮ ಡಾಕ್ಟರ್ ಬೇಡ ಅಂದರು. ಇದನ್ನು ನೀವಾಗಿ ಮಾಡಲು ಹೋಗಬೇಡಿ.

ಇಳಿಸುವಾಗ ಏನೇನಾಗುತ್ತೆ? ನಿದ್ದೆ ಕೆಡುತ್ತೆ, ಬೆವರು, ಎದೆ ಡವಡವ, ಸಿಡುಕು, ಹೊಟ್ಟೆ ತೊಳಸುವುದು, ಮೈಕೈ ಸೆಳೆತ, ಕಿವಿಯಲ್ಲಿ ಗುಂಯ್ ಅನ್ನುವುದು. ಬೆಳಕು, ಶಬ್ದ ಸಹಿಸಲಾಗುವುದಿಲ್ಲ. 0.375ಕ್ಕೆ ಬಂದಾಗ ಅಮ್ಮ ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸಿ, ಆ ಗಡಿಯಾರ ಸುತ್ತಿಗೇಲಿ ಹೊಡೀತಿದೆ ಅಂದರು. ಇಪ್ಪತ್ತು ವರ್ಷದಿಂದ ಅದೇ ಗೋಡೆಯಲ್ಲಿದ್ದ ಗಡಿಯಾರ. ಸೆಲ್ ತೆಗೆದಿಟ್ಟೆ. ಆ ಹಂತದಲ್ಲಿ ಎರಡೂವರೆ ತಿಂಗಳು ನಿಂತೆವು, ಗಡಿಯಾರವೂ ನಿಂತಿತ್ತು.

ಹೀಗೆ ನಿಲ್ಲುವುದು ಸೋಲಲ್ಲ. ಕಷ್ಟ ಜಾಸ್ತಿ ಆದರೆ ಇದ್ದ ಡೋಸ್‌ನಲ್ಲೇ ಇನ್ನೆರಡು ವಾರ, ಬೇಕಾದರೆ ಇನ್ನೆರಡು ತಿಂಗಳು ನಿಲ್ಲಿ, ಮೈ ಒಗ್ಗಿದ ಮೇಲೆ ಮುಂದಿನ ಮೆಟ್ಟಿಲು. ತೀರಾ ತಡೆಯದಿದ್ದರೆ ಡಾಕ್ಟರನ್ನು ಕೇಳಿ ಒಂದು ಮೆಟ್ಟಿಲು ಮೇಲೆ ಹೋಗಬಹುದು. ಮಾಡಬಾರದ್ದು ಏನೆಂದರೆ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ, ಬೇಕೆನಿಸಿದಾಗ ಒಂದು ಚೂರು. ಇದು ಮಿದುಳನ್ನು ದಿನಾ ಗೊಂದಲಕ್ಕೆ ಹಾಕಿದಂತೆ.

ಹಳೆಯ ಆತಂಕವೇ ವಾಪಸ್ ಬಂತಾ, ಇಲ್ಲ ಇದು ಇಳಿಸಿದ್ದರ ತೊಂದರೆಯಾ ಅನ್ನುವುದು ಎಲ್ಲರ ಪ್ರಶ್ನೆ. ಡೋಸ್ ಇಳಿಸಿದ ಕೆಲವು ದಿನದಲ್ಲಿ ಶುರುವಾಗಿ, ಅಲೆಯಂತೆ ಏರಿ ಇಳಿಯುತ್ತಿದ್ದರೆ, ಹಿಂದೆಂದೂ ಇಲ್ಲದ ಶಬ್ದ ಬೆಳಕಿನ ಕಿರಿಕಿರಿಯೂ ಸೇರಿದ್ದರೆ, ಅದು ಹೆಚ್ಚಾಗಿ ಇಳಿಸಿದ್ದರ ತೊಂದರೆ, ಕಾದರೆ ತಗ್ಗುತ್ತದೆ. ಮಾತ್ರೆ ಶುರು ಮಾಡುವ ಮುಂಚೆ ಇದ್ದ ಅದೇ ಚಿಂತೆ, ಅದೇ ರೂಪದಲ್ಲಿ, ತಗ್ಗದೆ ವಾರಗಟ್ಟಲೆ ಉಳಿದರೆ ಆತಂಕಕ್ಕೇ ಬೇರೆ ಚಿಕಿತ್ಸೆ ಬೇಕು ಅಂತ ಅರ್ಥ. ಮಾತಿನ ಚಿಕಿತ್ಸೆ ಇದೆ, ಬೇರೆ ಗುಂಪಿನ ಔಷಧಿಗಳಿವೆ, ಆದರೆ ಅವು ಕೆಲಸ ಶುರು ಮಾಡಲು ವಾರಗಳೇ ಬೇಕು. ಆದ್ದರಿಂದ ಮುಂಚೆಯೇ ಯೋಚಿಸಿ. ಒಂದು ಪುಸ್ತಕದಲ್ಲಿ ದಿನಾ ಮೂರೇ ಅಂಕಿ ಬರೆಯುತ್ತಿದ್ದೆವು: ಡೋಸ್, ಎಷ್ಟು ಗಂಟೆ ನಿದ್ದೆ, ಹತ್ತಕ್ಕೆ ಎಷ್ಟು ಆತಂಕ. ಆ ದಿನ ಏನೂ ತಿಳಿಯುವುದಿಲ್ಲ, ತಿಂಗಳು ಕಳೆದು ನೋಡಿದರೆ ಅಲೆ ಕಾಣುತ್ತದೆ.

ತಕ್ಷಣ ಆಸ್ಪತ್ರೆಗೆ ಓಡಬೇಕಾದವು: ಫಿಟ್ಸ್, ಇಲ್ಲದ್ದು ಕಾಣುವುದು ಕೇಳುವುದು, ದಿನ ಜಾಗ ಗುರುತು ಸಿಗದಿರುವುದು, ಜೋರು ಜ್ವರದ ಜೊತೆ ನಡುಕ, ಸಾಯಬೇಕು ಅನ್ನುವ ಮಾತು. ವಯಸ್ಸಾಯ್ತು, ಏನೋ ಬಡಬಡಿಸ್ತಾರೆ ಅಂತ ತಳ್ಳಿಹಾಕಬೇಡಿ.

ನಿದ್ದೆ ಬಗ್ಗೆ ಸ್ವಲ್ಪ. ಎಪ್ಪತ್ತರ ನಿದ್ದೆ ಮೂವತ್ತರ ನಿದ್ದೆಯಂತೆ ಇರುವುದಿಲ್ಲ, ಮಾತ್ರೆ ಇರಲಿ ಬಿಡಲಿ. ಹಗುರ ಇರುತ್ತದೆ, ನಡುನಡುವೆ ಎಚ್ಚರ ಆಗುತ್ತದೆ. ಎಷ್ಟೇ ತಡವಾಗಿ ನಿದ್ದೆ ಬಂದರೂ ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ. ಮಧ್ಯಾಹ್ನದ ಮೇಲೆ ಕಾಫಿ ಟೀ ಬೇಡ. ನಿದ್ದೆ ಬಾರದೆ ಹೊರಳಾಡುತ್ತಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುರ್ಚಿಯಲ್ಲಿ ಕೂತು, ತೂಕಡಿಕೆ ಬಂದ ಮೇಲೆ ಮತ್ತೆ ಮಲಗುವುದು. ನಿದ್ರಾಹೀನತೆಗೆಂದೇ ಇರುವ ಸಿಬಿಟಿ, ಅಂದರೆ ಯೋಚನೆಯನ್ನೂ ಅಭ್ಯಾಸವನ್ನೂ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ, ಸಿಕ್ಕರೆ ಮಾಡಿಸಿ, ಇಳಿಸುವುದರ ಜೊತೆಗೆ ಅದೂ ಇದ್ದರೆ ಗೆಲ್ಲುವವರು ಜಾಸ್ತಿ. ಮಂಚದಿಂದ ಬಚ್ಚಲವರೆಗೆ ರಾತ್ರಿ ದೀಪ ಹಾಕಿಡಿ. ಬಿಡುವ ಮಾತ್ರೆಯ ಬದಲಿಗೆ ಶೀತದ, ಅಲರ್ಜಿಯ ಮಂಪರು ಮಾತ್ರೆ ಹಿಡಿಯಬೇಡಿ, ಹಿರಿಯರಲ್ಲಿ ಅವು ಗೊಂದಲ, ಮಲಬದ್ಧತೆ, ಮೂತ್ರ ಕಟ್ಟುವುದು ತರುತ್ತವೆ. ಒಂದು ಪೆಗ್ ಹಾಕಿ ಮಲಗಿದರಾಯ್ತು ಅನ್ನುವ ನೆಂಟರು ಎಲ್ಲರ ಮನೆಯಲ್ಲೂ ಇರುತ್ತಾರೆ, ಅವರಿಗೆ ನಗುತ್ತಾ ಬಾಗಿಲು ತೋರಿಸಿ. ಮದ್ಯ ಕೆಲಸ ಮಾಡುವುದೂ ಅದೇ ಗಾಬಾ ಮೇಲೆ.

ನಡುವೆ ಬೇರೆ ಕಾರಣಕ್ಕೆ ಆಸ್ಪತ್ರೆ ಸೇರಬೇಕಾದರೆ, ಸೇರಿಸಿಕೊಳ್ಳುವಾಗಲೇ ಈ ಮಾತ್ರೆಯ ಹೆಸರು, ಇವತ್ತಿನ ಡೋಸ್, ಇಷ್ಟು ವರ್ಷದಿಂದ ಅಂತ ಹೇಳಿ, ಬರೆಸಿ. ಅಲ್ಲಿ ಯಾರಿಗೂ ತಿಳಿಯದೆ ಡೋಸ್ ತಪ್ಪಿಹೋದರೆ ನಮ್ಮ ಮನೆಯ ಮೂರನೇ ದಿನದ ಕಥೆಯೇ. ಟ್ರಾಮಡಾಲ್ ಅನ್ನುವ ನೋವಿನ ಮಾತ್ರೆ ಕೊಟ್ಟರೆ ಕೇಳಿ ತಗೊಳ್ಳಿ, ಅದು ಫಿಟ್ಸ್ ಸಾಧ್ಯತೆ ಹೆಚ್ಚಿಸುತ್ತದೆ.

ಇದೆಲ್ಲ ಓದಿ ಭಯ ಆಯ್ತಾ? ಕೆನಡಾದ ಕ್ವಿಬೆಕ್‌ನಲ್ಲಿ 65ರಿಂದ 95 ವಯಸ್ಸಿನ 303 ಜನರ ಮೇಲೆ ಒಂದು ಪ್ರಯೋಗ ನಡೆಯಿತು, 2014ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಕೊಟ್ಟದ್ದು ಬರೀ ಒಂದು ಕೈಪಿಡಿ: ಈ ಮಾತ್ರೆಯ ಅಪಾಯ ಏನು, 21 ವಾರದಲ್ಲಿ ಇಳಿಸುವುದು ಹೇಗೆ ಅನ್ನುವ ಚಿತ್ರಪಟ್ಟಿ. ಆರು ತಿಂಗಳಲ್ಲಿ ಅವರಲ್ಲಿ ಶೇ. 27 ಜನ ಪೂರ್ತಿ ಬಿಟ್ಟರು. ಕೈಪಿಡಿ ಸಿಗದವರಲ್ಲಿ ಶೇ. 5. ಕೈಪಿಡಿ ಸಿಕ್ಕವರಲ್ಲಿ ಇನ್ನೂ ಶೇ. 11 ಜನ ಡೋಸ್ ಇಳಿಸಿದ್ದರು. ನನಗಂತೂ ಆ 11 ಕೂಡ ಗೆದ್ದವರೇ. ಅರ್ಧ ಡೋಸ್‌ಗೆ ಇಳಿದು ಅಲ್ಲೇ ನಿಂತರೂ ಬೀಳುವುದು, ಮಂಪರು ಕಡಿಮೆ ಆಗುತ್ತೆ ಅಲ್ವಾ. ಅಮ್ಮ 0.5ಕ್ಕೆ ಬಂದ ತಿಂಗಳೇ ಪಕ್ಕದ ಮನೆ ಮಗುವಿನ ಹೆಸರು ತಡವರಿಸದೆ ಕರೆದರು.

ಸೊನ್ನೆ ಮುಟ್ಟಿದ ಮೇಲೂ ಕೆಲವು ತಿಂಗಳು ಆಗಾಗ ಒಂದು ಅಲೆ ಬರಬಹುದು, ದಿನ ಕಳೆದಂತೆ ದೂರ ದೂರ ಆಗುತ್ತದೆ. ಉಳಿದ ಮಾತ್ರೆಗಳನ್ನು ಆಪತ್ತಿಗಿರಲಿ ಅಂತ ಡಬ್ಬಿಯಲ್ಲಿ ಇಡಬೇಡಿ. ಫಾರ್ಮಸಿಯವರು ವಾಪಸ್ ತಗೊಳ್ಳುತ್ತಾರಾ ಕೇಳಿ, ಇಲ್ಲವಾದರೆ ಹೇಗೆ ಬಿಸಾಡಬೇಕು ಅಂತ ಅವರನ್ನೇ ಕೇಳಿ. ಅಮ್ಮ ಒಂದು ಕಾಲು ಚೂರನ್ನು ತಲೆದಿಂಬಿನ ಕವರಿನೊಳಗೆ ಬಚ್ಚಿಟ್ಟಿದ್ದರು. ಮೂರು ತಿಂಗಳಾದ ಮೇಲೆ ಕವರ್ ಒಗೆಯಲು ತೆಗೆದಾಗ ಪುಡಿಯಾಗಿ ಉದುರಿತು, ಅಲ್ಲಿಟ್ಟದ್ದು ಅವರಿಗೂ ಮರೆತುಹೋಗಿತ್ತು.